ಥರ್ಮಾಕೋಲ್ ವಿಮಾನದ ವೈರಲ್ ವಿಡಿಯೋ: ಆರ್‌ಸಿ ವಿಮಾನದ ಕಿಟ್ ಜೋಡಿಸುವುದು ಅಷ್ಟು ಸುಲಭವೇ?

ಈ ವಿಡಿಯೋವನ್ನು ನೀವೂ ನೋಡಿರುತ್ತೀರಿ. ಹೊಲದ ಬದುವಿನ ಮೇಲೆ ಹುಡುಗನೊಬ್ಬ ನಿಂತಿರುತ್ತಾನೆ. ಕೈಯಲ್ಲಿ ಬಿಳಿ ಬಣ್ಣದ ಪುಟ್ಟ ವಿಮಾನ. ಒಮ್ಮೆ ಬೀಸಿ ಎಸೆಯುತ್ತಾನೆ, ವಿಮಾನ ಗುಂಯ್ ಎನ್ನುತ್ತಾ ತೆಂಗಿನ ಮರದ ಮೇಲೆ ಹಾರಿಹೋಗುತ್ತದೆ. ಕೆಳಗೆ ಬರಹ: 'ಥರ್ಮಾಕೋಲ್‌ನಲ್ಲಿ ವಿಮಾನ ಕಂಡುಹಿಡಿದ ಹಳ್ಳಿ ಪ್ರತಿಭೆ, ಎಲ್ಲರಿಗೂ ಶೇರ್ ಮಾಡಿ.' ಸ್ವಲ್ಪ ದಿನ ಕಳೆದರೆ ಅದೇ ವಿಡಿಯೋಗೆ ನಾಸಾದ ಹೆಸರೂ ಸೇರಿಕೊಳ್ಳುತ್ತದೆ.

ವಿಮಾನ ಹಾರುವುದು ನಿಜ. ಹುಡುಗನ ಶ್ರಮವೂ ನಿಜ. ಆದರೆ 'ಕಂಡುಹಿಡಿದ' ಎಂಬ ಮಾತು ಸರಿಯಲ್ಲ. ರೇಡಿಯೋ ನಿಯಂತ್ರಣದ ವಿದ್ಯುತ್ ಮಾದರಿ ವಿಮಾನಕ್ಕೆ 60 ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1957ರ ಜೂನ್ 30ರಂದು ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ಎಂಬುವರು 'ರೇಡಿಯೋ ಕ್ವೀನ್' ಎಂಬ ಮಾದರಿಯನ್ನು ವಿದ್ಯುತ್ ಮೋಟಾರ್‌ನಿಂದ ಹಾರಿಸಿದ್ದರು. ಆಗ ಬಳಸಿದ್ದು ಬೆಳ್ಳಿ ಮತ್ತು ಸತುವಿನ ಬ್ಯಾಟರಿ. ಇಂದು ಇಂಥ ವಿಮಾನದ ಕಿಟ್ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ.

ನಮಗೆ ಚಿಂತೆ ಇರುವುದು ಆ ಬರಹದ ಬಗ್ಗೆ ಅಲ್ಲ. 30 ಸೆಕೆಂಡಿನ ವಿಡಿಯೋ ನೋಡಿ, ಬೇಸಿಗೆ ರಜೆಯಲ್ಲಿ ಮಗನಿಗೋ ಮಗಳಿಗೋ ಒಂದು ಕಿಟ್ ತರಿಸಿಕೊಡುವ ಪೋಷಕರ ಬಗ್ಗೆ. ಅಂಟು ಹಚ್ಚಿ ಜೋಡಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ವಿಮಾನ ಉಳಿಯುತ್ತದೋ, ಬೆರಳು ಉಳಿಯುತ್ತದೋ, ಮನೆಯಲ್ಲಿ ಬೆಂಕಿ ಬೀಳದೆ ಇರುತ್ತದೋ ಎಂಬುದನ್ನು ನಿರ್ಧರಿಸುವ ಸಂಗತಿಗಳು ವಿಡಿಯೋದಲ್ಲಿ ಕಾಣಿಸುವುದೇ ಇಲ್ಲ.

ಪೆಟ್ಟಿಗೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ?

ಉದಾಹರಣೆಗೆ ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿಯ 'ಈಸಿಸ್ಟಾರ್' ಮಾದರಿಯನ್ನು ತೆಗೆದುಕೊಳ್ಳೋಣ. ಕಲಿಯುವವರಿಗಾಗಿಯೇ ರೂಪಿಸಿದ ವಿಮಾನವಿದು. ಇದೇ ವಿನ್ಯಾಸವನ್ನು ಹೋಲುವ ಹಲವು ಅಗ್ಗದ ಮಾದರಿಗಳು ಆಮೇಲೆ ಬಂದಿವೆ. ರೆಕ್ಕೆಯ ಒಟ್ಟು ಅಗಲ ಸುಮಾರು 1.37 ಮೀಟರ್. ಚಕ್ರಗಳಿಲ್ಲ. ಕೈಯಿಂದ ಎಸೆದು ಹಾರಿಸಬೇಕು, ಹೊಟ್ಟೆಯ ಮೇಲೆ ಹುಲ್ಲಿನಲ್ಲಿ ಇಳಿಸಬೇಕು. ಮೋಟಾರ್ ಮೂಗಿನಲ್ಲಿಲ್ಲ, ರೆಕ್ಕೆಯ ಹಿಂದೆ, ಎತ್ತರದಲ್ಲಿ ಕೂತು ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. ಕಲಿಯುವವರ ವಿಮಾನ ಮೂಗು ನೆಲಕ್ಕೆ ಕುಟ್ಟಿಕೊಳ್ಳುವುದು ಖಚಿತವಾದ್ದರಿಂದ ಈ ಜಾಣತನ.

'ಕಿಟ್' ಎಂದರೆ ಎಲ್ಲವೂ ಇರುತ್ತದೆ ಎಂದುಕೊಳ್ಳಬೇಡಿ. ಬರೀ ಕಿಟ್ ಎಂದು ಬರೆದಿದ್ದರೆ ಸಾಮಾನ್ಯವಾಗಿ ಫೋಮ್‌ನ ಭಾಗಗಳು, ತಂತಿಗಳು, ಪುಟ್ಟ ಪ್ಲಾಸ್ಟಿಕ್ ತುಂಡುಗಳು ಮಾತ್ರ ಬರುತ್ತವೆ. ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್), ವಿಮಾನದೊಳಗಿನ ರಿಸೀವರ್, ರಡ್ಡರ್ ಮತ್ತು ಎಲಿವೇಟರ್ ಅಲ್ಲಾಡಿಸುವ ಸರ್ವೋ, ಮೋಟಾರ್, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ, ಬ್ಯಾಟರಿ, ಚಾರ್ಜರ್ ಎಲ್ಲವನ್ನೂ ಬೇರೆಯಾಗಿ ಕೊಳ್ಳಬೇಕಾಗಬಹುದು. ಫೋಮ್‌ಗಿಂತ ಇವುಗಳ ಖರ್ಚೇ ಹೆಚ್ಚು. ಹಣ ಕೊಡುವ ಮುಂಚೆ 'ಇದರಲ್ಲಿ ಏನೇನಿದೆ' ಎಂಬ ಪಟ್ಟಿಯನ್ನು ಓದಿ.

ಅಂಟಿನ ವಿಷಯದಲ್ಲಿ ಫಾರ್ವರ್ಡ್‌ಗಳನ್ನು ನಂಬಬೇಡಿ

'ಫೆವಿಕ್ವಿಕ್ ಹಾಕಿದರೆ ಸಾಕು' ಎಂಬ ಸಲಹೆ ಅರ್ಧ ಸತ್ಯ. ನಮ್ಮಲ್ಲಿ ಗಣೇಶನ ಮಂಟಪಕ್ಕೆ ಬಳಸುವ ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್. ಫೆವಿಕ್ವಿಕ್ ತರಹದ ಸೈನೋಅಕ್ರಿಲೇಟ್ ಅಂಟು ಅದನ್ನು ಕರಗಿಸಿ ಗುಂಡಿ ಮಾಡುತ್ತದೆ. ಒಂದು ಚೂರಿನ ಮೇಲೆ ಒಂದು ಹನಿ ಹಾಕಿ ನೋಡಿದರೆ ನಿಮಗೇ ತಿಳಿಯುತ್ತದೆ. ಆದರೆ ಈಸಿಸ್ಟಾರ್‌ನಲ್ಲಿ ಇರುವುದು ಎಲಾಪೋರ್ ಎಂಬ ಬೇರೆಯೇ ಫೋಮ್. ಅದಕ್ಕೆ ಕಂಪನಿಯೇ ಸೂಚಿಸುವುದು ದಪ್ಪನೆಯ ಸೈನೋಅಕ್ರಿಲೇಟ್ ಅಂಟನ್ನು. ಅಂದರೆ ಒಂದೇ ಅಂಟು ಒಂದು ಫೋಮ್‌ಗೆ ಮದ್ದು, ಇನ್ನೊಂದಕ್ಕೆ ವಿಷ. ನೋಡಲು ಎರಡೂ ಬೆಳ್ಳಗೇ ಇರುತ್ತವೆ. ಯೂಟ್ಯೂಬ್‌ನಲ್ಲಿ ಯಾರೋ ಬಳಸಿದ್ದನ್ನು ನೋಡಿ ಅಂಟು ಆಯ್ಕೆ ಮಾಡುವ ಬದಲು ಕಿಟ್‌ನ ಕೈಪಿಡಿ ನೋಡಿ. ಕೈಪಿಡಿ ಇಲ್ಲದಿದ್ದರೆ ಬೇಡದ ಚೂರಿನ ಮೇಲೆ ಮೊದಲು ಪರೀಕ್ಷಿಸಿ.

ಸೈನೋಅಕ್ರಿಲೇಟ್ ಬಳಸುವಾಗ ಕಿಟಕಿ ತೆರೆದಿಡಿ, ಕನ್ನಡಕ ಹಾಕಿಕೊಳ್ಳಿ. ಬೆರಳು ಬೆರಳಿಗೆ ಅಂಟಿಕೊಂಡರೆ ಎಳೆಯಬೇಡಿ. ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ.

ಜೋಡಣೆಯ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಈಸಿಸ್ಟಾರ್‌ನ ಒಡಲು ಎಡ ಮತ್ತು ಬಲ ಎಂದು ಎರಡು ಹೋಳುಗಳಾಗಿ ಬರುತ್ತದೆ, ಹಲಸಿನ ಕಾಯಿ ಸೀಳಿದ ಹಾಗೆ. ಹೋಳುಗಳನ್ನು ಅಂಟಿಸುವ ಮೊದಲೇ ಬಾಲದ ಕಡೆಗೆ ಹೋಗುವ ತಂತಿ ಮತ್ತು ಅದರ ಕೊಳವೆಗಳು, ಮೋಟಾರಿನ ವೈರುಗಳು ಒಳಗೆ ಸೇರಿರಬೇಕು. ಸರ್ವೋಗಳನ್ನು ಸಹ ಅಂಟಿಸುವ ಮೊದಲು ರಿಸೀವರ್‌ಗೆ ಸಿಕ್ಕಿಸಿ, ಸ್ಟಿಕ್ ನಡುವೆ ಇರುವಾಗ ಅವುಗಳ ತೋಳು ನೇರವಾಗಿ ನಿಲ್ಲುವಂತೆ ಮಾಡಿಕೊಳ್ಳಬೇಕು. ಅಂಟಿಸಿದ ಮೇಲೆ ತೆರೆಯಬೇಕೆಂದರೆ ಬ್ಲೇಡೇ ಗತಿ.

ರೆಕ್ಕೆ, ಬಾಲ ಸಿಕ್ಕಿಸುವುದು ಒಂದು ಸಂಜೆಯ ಕೆಲಸ. ಬಾಲದ ಅಡ್ಡ ಪಟ್ಟಿ ರೆಕ್ಕೆಗೆ ಸಮಾನಾಂತರವಾಗಿದೆಯೇ ಎಂದು ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು.

'ತೂಕ ಕಡಿಮೆ ಇದ್ದರೆ ಹಾರುತ್ತದೆ' ನಿಜವೇ?

ಇದು ಕಾಮೆಂಟ್‌ಗಳಲ್ಲಿ ಅತಿ ಹೆಚ್ಚು ಕಾಣುವ ನಂಬಿಕೆ. ಹಗುರ ಇದ್ದರೆ ಒಳ್ಳೆಯದೇ. ಆದರೆ ತೂಕ ಎಷ್ಟು ಎಂಬುದಕ್ಕಿಂತ ತೂಕ ಎಲ್ಲಿದೆ ಎಂಬುದು ಮುಖ್ಯ. ವಿಮಾನದ ಗುರುತ್ವ ಕೇಂದ್ರ, ಅಂದರೆ ಎರಡು ಬೆರಳ ಮೇಲೆ ಇಟ್ಟರೆ ತಕ್ಕಡಿಯಂತೆ ಸಮನಾಗಿ ನಿಲ್ಲುವ ಜಾಗ, ಕೈಪಿಡಿಯಲ್ಲಿ ಹೇಳಿದ ಜಾಗದಲ್ಲೇ ಬರಬೇಕು. ನೇರವಾದ ರೆಕ್ಕೆಯ ತರಬೇತಿ ವಿಮಾನಗಳಲ್ಲಿ ಅದು ಸಾಮಾನ್ಯವಾಗಿ ರೆಕ್ಕೆಯ ಮುಂಭಾಗದ ಅಂಚಿನಿಂದ ಹಿಂದಕ್ಕೆ, ರೆಕ್ಕೆಯ ಉದ್ದದ ಕಾಲು ಭಾಗದಿಂದ ಮೂರನೇ ಒಂದು ಭಾಗದ ನಡುವೆ ಇರುತ್ತದೆ. ಇಲ್ಲಿ ಉದ್ದ ಎಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಳತೆ. ಅದು 20 ಸೆಂಟಿಮೀಟರ್ ಇದ್ದರೆ ಸಮತೋಲದ ಬಿಂದು ಮುಂದಿನ ಅಂಚಿನಿಂದ 5ರಿಂದ 6.7 ಸೆಂಟಿಮೀಟರ್ ಹಿಂದೆ ಎಂದಾಯಿತು.

ಬಿಂದು ಮುಂದಕ್ಕೆ ಸರಿದರೆ ವಿಮಾನ ಮೂಗು ಬಗ್ಗಿಸುತ್ತದೆ, ಮೇಲೇಳಲು ಸತಾಯಿಸುತ್ತದೆ. ಆದರೂ ಇಳಿಸಬಹುದು. ಹಿಂದಕ್ಕೆ ಸರಿದರೆ ಕಥೆಯೇ ಬೇರೆ. ಗಾಳಿಯ ಸಣ್ಣ ಹೊಡೆತಕ್ಕೆ ಮೂಗು ಮೇಲೆದ್ದರೆ ಅದು ತಾನಾಗಿ ಕೆಳಗಿಳಿಯುವುದಿಲ್ಲ. ಇನ್ನೂ ಮೇಲೇಳುತ್ತದೆ, ವೇಗ ಕಳೆದುಕೊಳ್ಳುತ್ತದೆ, ರೆಕ್ಕೆಯ ಎತ್ತುವ ಬಲ ಹೋಗಿ ಬೀಳುತ್ತದೆ. ಮಾದರಿ ವಿಮಾನ ಹಾರಿಸುವವರಲ್ಲಿ ಒಂದು ಹಳೆಯ ಮಾತಿದೆ: ಮೂಗು ಭಾರದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರದ ವಿಮಾನ ಒಂದೇ ಸಲ ಹಾರುತ್ತದೆ.

ಬಾಲಕ್ಕೆ ಅಂದಕ್ಕಾಗಿ ಬಣ್ಣ ಬಳಿದು, ಬಾವುಟ ಅಂಟಿಸುವ ಮಕ್ಕಳಿಗೆ ಇದನ್ನು ಲೆಕ್ಕ ಹಾಕಿ ತೋರಿಸಿ. ಸಮತೋಲದ ಬಿಂದುವಿನಿಂದ 60 ಸೆಂಟಿಮೀಟರ್ ಹಿಂದೆ 10 ಗ್ರಾಂ ಸೇರಿಸಿದರೆ, 30 ಸೆಂಟಿಮೀಟರ್ ಮುಂದೆ ಇರುವ ಮೂಗಿಗೆ 20 ಗ್ರಾಂ ಸೇರಿಸಬೇಕು. ಶಾಲೆಯಲ್ಲಿ ಓದಿದ ಸನ್ನೆಯ ನಿಯಮವೇ ಇದು. ಹೆಚ್ಚುವರಿ ತೂಕ ಕಟ್ಟುವ ಬದಲು ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿ ಸಮತೋಲ ತರುವುದು ಉತ್ತಮ. ಆ ಜಾಗ ಸಿಕ್ಕ ಮೇಲೆ ಪೆನ್ನಿನಿಂದ ಗುರುತು ಹಾಕಿ, ಬ್ಯಾಟರಿ ಅಲುಗಾಡದಂತೆ ವೆಲ್ಕ್ರೋ ಪಟ್ಟಿ ಕಟ್ಟಿ.

ಪ್ರೊಪೆಲರ್ ಆಟಿಕೆಯಲ್ಲ

ಒಂದು ಲೆಕ್ಕ ಮಾಡೋಣ. 8 ಇಂಚು ವ್ಯಾಸದ ಪ್ರೊಪೆಲರ್ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 380 ಕಿಲೋಮೀಟರ್. ಟೇಬಲ್ ಫ್ಯಾನಿನ ರೆಕ್ಕೆಗೆ ಬೆರಳು ತಾಗಿಸಿದ ಅನುಭವ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ವ್ಯತ್ಯಾಸವಿದೆ. ಪೆಟ್ರೋಲ್ ಎಂಜಿನ್ ತಡೆ ಸಿಕ್ಕರೆ ನಿಂತುಬಿಡಬಹುದು. ವಿದ್ಯುತ್ ಮೋಟಾರ್ ತಡೆ ಸಿಕ್ಕರೆ ಇನ್ನಷ್ಟು ಕರೆಂಟ್ ಎಳೆದು ತಿರುಗಲು ನೋಡುತ್ತದೆ. ಬ್ಯಾಟರಿ ಸಿಕ್ಕಿಸಿದ ಕ್ಷಣದಿಂದ ಅದು ಯಾವಾಗ ಬೇಕಾದರೂ ತಿರುಗಬಹುದು ಎಂದೇ ತಿಳಿಯಬೇಕು. ರಿಮೋಟಿನ ಸ್ಟಿಕ್‌ಗೆ ಅಂಗಿಯ ತೋಳು ತಾಗಿದರೂ ಸಾಕು.

ಹಾಗಾಗಿ ನಾವು ಕಟ್ಟುನಿಟ್ಟಾಗಿ ಹೇಳುವುದು ಇಷ್ಟು: ಪ್ರೊಪೆಲರ್ ಹಾಕುವುದು ಕಟ್ಟಕಡೆಯ ಕೆಲಸ. ವೈರಿಂಗ್, ರಿಸೀವರ್ ಜೋಡಣೆ, ಸರ್ವೋ ಪರೀಕ್ಷೆ, ಮೋಟಾರ್ ಸರಿಯಾದ ದಿಕ್ಕಿಗೆ ತಿರುಗುತ್ತದೆಯೇ ಎಂಬ ಪರೀಕ್ಷೆ ಎಲ್ಲವೂ ಪ್ರೊಪೆಲರ್ ಇಲ್ಲದೆಯೇ ಆಗಬೇಕು. ಮೋಟಾರ್ ಉಲ್ಟಾ ತಿರುಗಿದರೆ ಗಾಬರಿ ಬೇಡ. ಇಎಸ್‌ಸಿಯಿಂದ ಮೋಟಾರಿಗೆ ಹೋಗುವ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ. (ಬ್ಯಾಟರಿ ಕಡೆಯ ಕೆಂಪು, ಕಪ್ಪು ವೈರುಗಳನ್ನು ಮಾತ್ರ ಎಂದಿಗೂ ಅದಲು ಬದಲು ಮಾಡಬಾರದು, ಇಎಸ್‌ಸಿ ಆ ಕ್ಷಣವೇ ಸುಡುತ್ತದೆ.) ಪ್ರೊಪೆಲರ್ ಮೇಲೆ ಅಳತೆಯ ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. ಆ ಅಂಕಿಗಳಿರುವ ಮುಖ ವಿಮಾನ ಸಾಗುವ ದಿಕ್ಕಿಗೆ ಇರಬೇಕು. ಮೋಟಾರ್ ಹಿಂದೆ ಇದ್ದರೂ ಇದೇ ನಿಯಮ.

ಮೋಟಾರ್ ಪರೀಕ್ಷಿಸುವಾಗ ಪ್ರೊಪೆಲರ್ ತಿರುಗುವ ವೃತ್ತದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಅದು ಮುರಿದರೆ ಚೂರುಗಳು ಪಕ್ಕಕ್ಕೆ ಹಾರುತ್ತವೆ. ಗಾಯ ಆಗಿಯೇ ಬಿಟ್ಟರೆ ಕಾಫಿ ಪುಡಿ, ಅರಿಶಿನ ಮೆತ್ತಬೇಡಿ. ಗಾಯದೊಳಗೆ ಕಸ ಸೇರುತ್ತದೆ, ವೈದ್ಯರಿಗೆ ತೊಳೆಯುವ ಕೆಲಸ ಹೆಚ್ಚುತ್ತದೆ. ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು, ಕೈ ಮೇಲೆತ್ತಿ, ಆಸ್ಪತ್ರೆಗೆ ಹೋಗಿ. ಧನುರ್ವಾಯು ಲಸಿಕೆ ಬೇಕೇ ಎಂದು ಅಲ್ಲಿ ಕೇಳಿ.

ಉಬ್ಬಿದ ಬ್ಯಾಟರಿಗೆ ಪಿನ್ ಚುಚ್ಚಿದರೆ ಸರಿಹೋಗುತ್ತದೆಯೇ?

ಇಲ್ಲ. ಮೊಬೈಲ್ ಬ್ಯಾಟರಿಯ ಬಗ್ಗೆಯೂ ಸುತ್ತುವ ಈ ಸಲಹೆ ಅಪಾಯಕಾರಿ. ದಯವಿಟ್ಟು ಯಾರಿಗೂ ಕಳಿಸಬೇಡಿ.

ಈ ವಿಮಾನಗಳಲ್ಲಿ ಬಳಸುವುದು ಲಿಥಿಯಂ ಪಾಲಿಮರ್ ಬ್ಯಾಟರಿ, ಆಡುಮಾತಿನಲ್ಲಿ ಲಿಪೊ. ಮೊಬೈಲ್ ಬ್ಯಾಟರಿಯ ಬಂಧುವೇ. ಆದರೆ ಇದಕ್ಕೆ ಗಟ್ಟಿ ಕವಚವಿಲ್ಲ, ಮತ್ತು ಬೇಕೆಂದಾಗ ಭಾರಿ ಕರೆಂಟ್ ಕೊಡುತ್ತದೆ. ಮೂರು ಸೆಲ್‌ಗಳ ಪ್ಯಾಕಿನ ಮೇಲೆ 11.1 ವೋಲ್ಟ್ ಎಂದು ಬರೆದಿರುತ್ತದೆ. ಪೂರ್ತಿ ಚಾರ್ಜ್ ಆದಾಗ ಪ್ರತಿ ಸೆಲ್ 4.2 ವೋಲ್ಟ್, ಒಟ್ಟು 12.6. ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದರೆ ಒಳಗೆ ಹಾನಿಯಾಗುತ್ತದೆ. ಹಾನಿಯಾದ ಸೆಲ್‌ನಲ್ಲಿ ಅನಿಲ ಹುಟ್ಟಿ ಪ್ಯಾಕ್ ದಿಂಬಿನಂತೆ ಉಬ್ಬುತ್ತದೆ. ಚುಚ್ಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ, ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಉಬ್ಬಿದ ಪ್ಯಾಕನ್ನು ಮತ್ತೆ ಚಾರ್ಜ್ ಮಾಡದೆ, ಮನೆಯಿಂದ ಹೊರಗೆ ಮರಳಿನ ಡಬ್ಬದಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು. ಕಸದ ಬುಟ್ಟಿಗಲ್ಲ, ಕಸದ ಗಾಡಿಯಲ್ಲಿ ಅದು ಜಜ್ಜಿಹೋದರೆ ಅಪಾಯ ಪೌರಕಾರ್ಮಿಕರಿಗೆ.

ಬೆಂಕಿಯ ಅಪಾಯ ಹೆಚ್ಚಿರುವುದು ಚಾರ್ಜ್ ಮಾಡುವಾಗ. ಲಿಪೊಗಾಗಿಯೇ ಇರುವ ಬ್ಯಾಲೆನ್ಸ್ ಚಾರ್ಜರ್ ಬೇಕು. ಅದು ಪ್ರತಿ ಸೆಲ್ಲನ್ನೂ ಬೇರೆಯಾಗಿ ಅಳೆದು ಸಮ ಮಾಡುತ್ತದೆ. ಚಾರ್ಜರ್‌ನಲ್ಲಿ ಬ್ಯಾಟರಿಯ ಬಗೆ ಮತ್ತು ಸೆಲ್‌ಗಳ ಸಂಖ್ಯೆ ಸರಿಯಾಗಿ ಆರಿಸಿದ್ದೀರಾ ಎಂದು ಎರಡು ಸಲ ನೋಡಿ. 2,200 ಎಂಎಎಚ್ ಪ್ಯಾಕ್ ಆದರೆ 2.2 ಆಂಪಿಯರ್ ದಾಟಬೇಡಿ, ಪೂರ್ತಿ ಆಗಲು ಒಂದು ಗಂಟೆಯ ಆಸುಪಾಸು. ಮಣ್ಣಿನ ಕುಂಡ, ಸಿಮೆಂಟ್ ನೆಲ ಇಂಥ ಜಾಗದಲ್ಲಿಟ್ಟು, ನೀವು ಎದುರಿಗೇ ಇದ್ದು ಚಾರ್ಜ್ ಮಾಡಿ. ಹಾಸಿಗೆ, ಸೋಫಾ ಮೇಲೆ ಬೇಡ. ರಾತ್ರಿ ಚಾರ್ಜ್‌ಗೆ ಹಾಕಿ ಮಲಗುವುದು ಮೊಬೈಲಿನ ಅಭ್ಯಾಸ. ಇಲ್ಲಿ ಅದು ಬೇಡವೇ ಬೇಡ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗುವುದೂ ಬೇಡ. ವಾರಗಟ್ಟಲೆ ಬಳಸುವುದಿಲ್ಲ ಎಂದಾದರೆ ಸೆಲ್‌ಗೆ 3.8 ವೋಲ್ಟ್ ಆಸುಪಾಸಿನಲ್ಲಿ ಇಡಿ. ಚಾರ್ಜರ್‌ನಲ್ಲಿ 'ಸ್ಟೋರೇಜ್' ಎಂಬ ಆಯ್ಕೆ ಇರುವುದು ಇದಕ್ಕೇ.

'ಲಿಥಿಯಂ ಬೆಂಕಿಗೆ ನೀರು ಹಾಕಿದರೆ ಸ್ಫೋಟ ಆಗುತ್ತದೆ' ಎಂಬ ಫಾರ್ವರ್ಡ್ ಕೂಡ ಇದೆ. ರಸಾಯನಶಾಸ್ತ್ರ ಪ್ರಯೋಗಾಲಯದ ಲಿಥಿಯಂ ಲೋಹಕ್ಕೂ ಈ ಬ್ಯಾಟರಿಗೂ ವ್ಯತ್ಯಾಸವಿದೆ. ಇದರಲ್ಲಿ ಲಿಥಿಯಂ ಇರುವುದು ಹೆಚ್ಚಾಗಿ ಸಂಯುಕ್ತಗಳ ರೂಪದಲ್ಲಿ. ಪ್ರಯಾಣಿಕರ ವಿಮಾನದಲ್ಲಿ ಫೋನ್ ಅಥವಾ ಲ್ಯಾಪ್‌ಟಾಪ್ ಹೊತ್ತಿಕೊಂಡರೆ ಸಿಬ್ಬಂದಿ ಜ್ವಾಲೆ ಆರಿಸಿದ ಮೇಲೆ ನೀರು ಸುರಿದೇ ತಣ್ಣಗಾಗಿಸುತ್ತಾರೆ. ಆದರೆ ಮನೆಯಲ್ಲಿ ಚಾರ್ಜರ್ ಗೋಡೆಯ ಪ್ಲಗ್‌ಗೆ ಸಿಕ್ಕಿಸಿದ್ದರೆ ಮೊದಲು ಕರೆಂಟ್ ಆಫ್ ಮಾಡದೆ ನೀರು ಹಾಕಬಾರದು. ಹೊಗೆ ವಿಷಕಾರಿ. ಸುಲಭವಾಗಿ ನಿಭಾಯಿಸಲು ಆಗದಿದ್ದರೆ ಮನೆಯವರನ್ನು ಹೊರಗೆ ಕಳಿಸಿ, 112ಕ್ಕೆ ಕರೆ ಮಾಡಿ. ಒಂದು ಬಕೆಟ್ ಮರಳು ಪಕ್ಕದಲ್ಲಿದ್ದರೆ ಬೆಂಕಿ ಹರಡುವುದನ್ನಾದರೂ ತಡೆಯಬಹುದು.

ಮೈದಾನಕ್ಕೆ ಹೋಗುವ ಮುನ್ನ

ಮೊದಲ ಹಾರಾಟದಲ್ಲೇ ಬೀಳುವ ಎಷ್ಟೋ ವಿಮಾನಗಳಲ್ಲಿ ಕೆಟ್ಟಿದ್ದು ಏನೂ ಇರುವುದಿಲ್ಲ, ನಿಯಂತ್ರಣ ತಿರುಗುಮುರುಗಾಗಿರುತ್ತದೆ. ಬಾಲದ ಹಿಂದೆ ನಿಂತು, ವಿಮಾನ ಸಾಗುವ ದಿಕ್ಕಿಗೆ ಮುಖ ಮಾಡಿ ಪರೀಕ್ಷಿಸಿ. ಸ್ಟಿಕ್ ನಿಮ್ಮ ಕಡೆಗೆ ಎಳೆದರೆ ಎಲಿವೇಟರ್ ಮೇಲಕ್ಕೆ ಏಳಬೇಕು. ಬಲಕ್ಕೆ ತಳ್ಳಿದರೆ ರಡ್ಡರ್ ಬಲಕ್ಕೆ ವಾಲಬೇಕು. ರೆಕ್ಕೆಯಲ್ಲಿ ಏಲಿರಾನ್ ಇರುವ ಮಾದರಿಯಾದರೆ, ಬಲಕ್ಕೆ ತಳ್ಳಿದಾಗ ಬಲ ರೆಕ್ಕೆಯ ಏಲಿರಾನ್ ಮೇಲೆ, ಎಡ ರೆಕ್ಕೆಯದು ಕೆಳಗೆ. ತಪ್ಪಿದ್ದರೆ ಟ್ರಾನ್ಸ್‌ಮಿಟರ್‌ನಲ್ಲಿ 'ರಿವರ್ಸ್' ಗುಂಡಿ ಇರುತ್ತದೆ. 'ಸ್ವಲ್ಪ ಅಲ್ಲಾಡುತ್ತದೆ, ಸಾಕು' ಎಂದು ಬಿಡುವವರೇ ಹೆಚ್ಚು. ಅಲ್ಲಾಡಿದರೆ ಸಾಲದು, ಸರಿಯಾದ ಕಡೆಗೆ ಅಲ್ಲಾಡಬೇಕು.

ಟ್ರಾನ್ಸ್‌ಮಿಟರ್ ಮೊದಲು ಆನ್, ಆಮೇಲೆ ವಿಮಾನದ ಬ್ಯಾಟರಿ. ಮುಗಿಸುವಾಗ ವಿಮಾನದ ಬ್ಯಾಟರಿ ಮೊದಲು ತೆಗೆದು, ಆಮೇಲೆ ಟ್ರಾನ್ಸ್‌ಮಿಟರ್ ಆಫ್. ಸಿಗ್ನಲ್ ತಪ್ಪಿದಾಗ ಮೋಟಾರ್ ತಾನಾಗಿ ನಿಲ್ಲುವ 'ಫೇಲ್‌ಸೇಫ್' ಸರಿಯಾಗಿದೆಯೇ ಎಂದು ಪ್ರೊಪೆಲರ್ ತೆಗೆದು, ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ.

ಎತ್ತರದಲ್ಲಿ ಮೋಟಾರ್ ಇರುವ ಈಸಿಸ್ಟಾರ್‌ನಂಥ ವಿಮಾನಗಳಿಗೆ ಒಂದು ಗುಣವಿದೆ. ವೇಗ ಹೆಚ್ಚಿಸಿದರೆ ಮೂಗು ಮೇಲೇಳುವ ಬದಲು ಸ್ವಲ್ಪ ಬಗ್ಗುತ್ತದೆ, ಏಕೆಂದರೆ ತಳ್ಳುವ ಬಲ ಗುರುತ್ವ ಕೇಂದ್ರಕ್ಕಿಂತ ಮೇಲಿನಿಂದ ಬರುತ್ತದೆ. ಮೊದಲ ಸಲ ಹಾರಿಸುವವರು ಇದನ್ನು ಕಂಡು ಬೆದರುತ್ತಾರೆ. ಎಸೆಯುವಾಗ ಗಾಳಿಗೆ ಎದುರಾಗಿ, ಮೇಲಕ್ಕಲ್ಲ, ನೇರಕ್ಕೆ ಎಸೆಯಿರಿ. ಕೈ ಒಡಲಿನ ಕೆಳಗೇ ಇರಲಿ, ಪ್ರೊಪೆಲರ್ ಕಡೆಗೆ ಏಳಬಾರದು. ವಿಮಾನ ನಿಮ್ಮ ಕಡೆಗೆ ಬರುವಾಗ ಎಡ ಬಲ ಉಲ್ಟಾ ಅನ್ನಿಸುತ್ತದೆ. ಆಗ ಯಾವ ರೆಕ್ಕೆ ಕೆಳಗೆ ವಾಲಿದೆಯೋ ಆ ಕಡೆಗೆ ಸ್ಟಿಕ್ ತಳ್ಳಿದರೆ ರೆಕ್ಕೆ ಸಮ ಆಗುತ್ತದೆ. ಇದನ್ನು ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಕಲಿತರೆ ಫೋಮ್ ಉಳಿಯುತ್ತದೆ. ಹಾರಾಟ ಎಷ್ಟು ಹೊತ್ತು? 2,200 ಎಂಎಎಚ್ ಬ್ಯಾಟರಿಯಿಂದ 15 ಆಂಪಿಯರ್ ಎಳೆಯುತ್ತಲೇ ಇದ್ದರೆ, 80 ಶೇಕಡಾ ಮಾತ್ರ ಬಳಸುವ ಲೆಕ್ಕದಲ್ಲಿ, 7 ನಿಮಿಷ. ಮೋಟಾರ್ ನಿಲ್ಲಿಸಿ ತೇಲಿಸುತ್ತಿದ್ದರೆ ಇದಕ್ಕಿಂತ ಹೆಚ್ಚು. ಟೈಮರ್ ಇಟ್ಟುಕೊಳ್ಳಿ.

ಅನುಮತಿ ಬೇಕೇ?

'ಡ್ರೋನ್‌ಗೆ ಮಾತ್ರ ನಿಯಮ, ಇದು ಆಟದ ವಿಮಾನ' ಎನ್ನುವುದು ತಪ್ಪು. 2021ರ ಡ್ರೋನ್ ನಿಯಮಗಳು ನಾಲ್ಕು ಫ್ಯಾನಿನ ಡ್ರೋನ್‌ಗಷ್ಟೇ ಅಲ್ಲ, ರೆಕ್ಕೆಯ ವಿಮಾನಕ್ಕೂ ಅನ್ವಯಿಸುತ್ತವೆ. 250 ಗ್ರಾಂವರೆಗೆ ನ್ಯಾನೊ, ಅದಕ್ಕಿಂತ ಮೇಲೆ 2 ಕಿಲೋವರೆಗೆ ಮೈಕ್ರೊ. ಒಂದು ಕಿಲೋದೊಳಗಿನ ತರಬೇತಿ ವಿಮಾನ ಸಾಮಾನ್ಯವಾಗಿ ಮೈಕ್ರೊ ವರ್ಗಕ್ಕೆ ಸೇರುತ್ತದೆ. ವ್ಯಾಪಾರಕ್ಕಲ್ಲದೆ ಹವ್ಯಾಸಕ್ಕೆ ಹಾರಿಸುವ ಮೈಕ್ರೊಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ಎಲ್ಲಿ ಹಾರಿಸುತ್ತೀರಿ ಎಂಬುದು ಮುಖ್ಯ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಸಿರಿನಲ್ಲಿ 400 ಅಡಿವರೆಗೆ ಪೂರ್ವಾನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಆ ಮಿತಿ 200 ಅಡಿ. ಇನ್ನೂ ಹತ್ತಿರ ಹೋದರೆ ಅನುಮತಿ ಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಬೆಂಗಳೂರಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ನಗರದ ಸುತ್ತ ನಾಲ್ಕು ಕಡೆ ನಿಜವಾದ ವಿಮಾನಗಳು ಏರಿಳಿಯುತ್ತವೆ. ನಿಮ್ಮ ಬಡಾವಣೆಯ ಮೈದಾನ ಯಾವ ಬಣ್ಣದಲ್ಲಿದೆ ಎಂದು ನೋಡದೆ ಬ್ಯಾಟರಿ ಸಿಕ್ಕಿಸಬೇಡಿ. ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ, ಆದ್ದರಿಂದ ನೋಂದಣಿಯ ವಿವರವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅಧಿಕೃತ ತಾಣದಲ್ಲೇ ಓದಿ, ಯಾರೋ ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಅಲ್ಲ.

ಜಾಗ ಆಯ್ಕೆ ಮಾಡುವಾಗ ಕೊಯ್ಲು ಮುಗಿದ ಬಯಲು ಹೊಲ, ಬೆಳಗಿನ ಗಾಳಿಯಿಲ್ಲದ ಹೊತ್ತು ಒಳ್ಳೆಯದು. ಜಾನುವಾರು ಮೇಯುವ ಕಡೆ, ರಸ್ತೆಯ ಪಕ್ಕ, ಕ್ರಿಕೆಟ್ ಆಡುವ ಮಕ್ಕಳ ಮೇಲೆ ಬೇಡ. ವಿಮಾನ ಕರೆಂಟ್ ತಂತಿಗೆ ಸಿಕ್ಕಿಕೊಂಡರೆ ಅದನ್ನು ಬಿದಿರು ಕೋಲಿನಿಂದ ಎಳೆಯಲು ಹೋಗಬೇಡಿ. ಹಸಿ ಬಿದಿರಿನಲ್ಲೂ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬರುವವರೆಗೆ ಕಾಯಿರಿ.